ನೋವಿಗೂ ಒಂದು ಕಾಲಂ ಇರಲಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ವಿಷಯ: ಎಚ್.ಐ.ವಿ. ಇರುವವರ ನೋವಿಗೆ ಚಿಕಿತ್ಸೆ ಸಿಗದಿರುವ ಬಗ್ಗೆ

ಮಾನ್ಯರೇ,

ಈ ಪತ್ರದ ಕೆಳಗೆ ನನ್ನ ಹೆಸರಿಲ್ಲ. ಮಗಳ ಮದುವೆ ಇನ್ನೂ ಆಗಬೇಕು. ನಮ್ಮ ಕಡೆ ತಾಯಿಯ ಕಾಯಿಲೆಯ ಸುದ್ದಿ ಮಗಳ ಫೋಟೊಕ್ಕಿಂತ ಮೊದಲು ಬೀಗರ ಮನೆ ಮುಟ್ಟುತ್ತದೆ. ಹೆಸರಿಲ್ಲದ ಅರ್ಜಿಯನ್ನು ಕಚೇರಿಯಲ್ಲಿ ಬದಿಗಿಡುತ್ತಾರೆಂದು ಗೊತ್ತು. ಅದಕ್ಕೇ ಅರ್ಜಿ ಕೊಡದೆ, ನಾಲ್ಕು ಜನ ಓದಲೆಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾನು ಉತ್ತರ ಕರ್ನಾಟಕದ ಹೆಣ್ಣುಮಗಳು. ನನಗೆ ಎಚ್.ಐ.ವಿ. ಇದೆಯೆಂದು ಗೊತ್ತಾಗಿದ್ದು 2004ರಲ್ಲಿ, ಗಂಡ ತೀರಿಕೊಂಡ ಎರಡು ತಿಂಗಳಿಗೆ. 2007ರಿಂದ ಎ.ಆರ್.ಟಿ. ಗುಳಿಗೆ, ಅಂದರೆ ವೈರಸ್ಸನ್ನು ಹತೋಟಿಯಲ್ಲಿಡುವ ಔಷಧಿ, ನುಂಗುತ್ತಿದ್ದೇನೆ. ಹದಿಮೂರು ವರ್ಷಗಳಿಂದ ನಮ್ಮ ತಾಲ್ಲೂಕಿನಲ್ಲಿ ಗುಳಿಗೆ ಬಿಟ್ಟವರ ಮನೆ ಹುಡುಕಿಕೊಂಡು ಹೋಗಿ, ಮಾತಾಡಿಸಿ, ಮತ್ತೆ ಎ.ಆರ್.ಟಿ. ಸೆಂಟರಿಗೆ ಕರೆತರುವ ಕೆಲಸ ಮಾಡುತ್ತಿದ್ದೇನೆ. ಓದಿದ್ದು ಎಸ್ಸೆಸ್ಸೆಲ್ಸಿ. ಔಷಧಿಯ ವಿಷಯ ತಿಳಿದದ್ದು ತರಬೇತಿಗಳಲ್ಲಿ, ಒಳ್ಳೆಯ ಡಾಕ್ಟರುಗಳ ಬಾಯಲ್ಲಿ, ಹೆಚ್ಚಿನದು ನನ್ನ ಮೈಯಿಂದಲೇ.

ಸರ್ಕಾರದ ಋಣವನ್ನು ಮೊದಲು ಹೇಳುತ್ತೇನೆ. 2004ರ ಏಪ್ರಿಲ್ 1ರಂದು ಈ ದೇಶದಲ್ಲಿ ಉಚಿತ ಎ.ಆರ್.ಟಿ. ಶುರುವಾಯಿತು. ಅದಿಲ್ಲದಿದ್ದರೆ ಈ ಪತ್ರ ಬರೆಯಲು ನಾನಿರುತ್ತಿರಲಿಲ್ಲ. ಮೊದಲೆಲ್ಲ ಸಿಡಿ4, ಅಂದರೆ ರಕ್ತದಲ್ಲಿ ರೋಗ ತಡೆಯುವ ಕಣಗಳ ಎಣಿಕೆ, ಇಳಿಯುವವರೆಗೆ ಕಾಯಬೇಕಿತ್ತು. 2017ರಿಂದ, ಸೋಂಕು ಖಚಿತವಾದ ಮೇಲೆ ಎಣಿಕೆ ಎಷ್ಟೇ ಇರಲಿ ಗುಳಿಗೆ ಕೊಡುತ್ತಾರೆ. ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಗುಳಿಗೆ. ಅದರೊಳಗೆ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಇರುತ್ತವೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ (ನ್ಯಾಕೋ) 2021ರ ಅಂದಾಜಿನಂತೆ ನಮ್ಮ ರಾಜ್ಯದಲ್ಲಿ ಎಚ್.ಐ.ವಿ. ಇರುವವರು ಎರಡೂವರೆ ಲಕ್ಷಕ್ಕೂ ಹೆಚ್ಚು. ಇಷ್ಟು ಜನರನ್ನು ಸಾವಿನಿಂದ ತಡೆದು ನಿಲ್ಲಿಸಿದ ಕೆಲಸ ಸಣ್ಣದಲ್ಲ.

ಆದರೆ ಉಳಿದ ಜೀವ ಹೇಗಿದೆ ಎಂದು ಕೇಳುವವರಿಲ್ಲ. ನನ್ನ ದೂರು ಇಷ್ಟೇ.

ಪ್ರತಿ ಸಲ ಸೆಂಟರಿಗೆ ಹೋದಾಗ ನನ್ನ ಚಿಕಿತ್ಸೆಯ ಹಸಿರು ಪುಸ್ತಕ ತೆಗೆದು ತೂಕ ಬರೆಯುತ್ತಾರೆ. ಉಳಿದ ಗುಳಿಗೆ ಎಣಿಸುತ್ತಾರೆ. ಟಿ.ಬಿ.ಗಾಗಿ ನಾಲ್ಕು ಪ್ರಶ್ನೆ ತಪ್ಪದೆ ಕೇಳುತ್ತಾರೆ: ಕೆಮ್ಮು ಇದೆಯಾ, ಜ್ವರ ಬರುತ್ತಾ, ತೂಕ ಇಳಿದಿದೆಯಾ, ರಾತ್ರಿ ಬೆವರುತ್ತೀರಾ? ಆ ನಾಲ್ಕು ಪ್ರಶ್ನೆಗಳಿಂದ ಬದುಕಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಇಷ್ಟು ವರ್ಷದಲ್ಲಿ ನೋವಿದೆಯಾ ಎಂದು ಒಬ್ಬರೂ ಕೇಳಲಿಲ್ಲ. ನಾನಾಗಿಯೇ ಹೇಳಿದರೆ "ಆ ಕಾಯಿಲೆಯಲ್ಲಿ ಹಂಗೇ ಇರ್ತದಮ್ಮ" ಎನ್ನುತ್ತಾರೆ. ಪುಸ್ತಕದಲ್ಲಿ ಅದನ್ನು ಬರೆಯಲು ಜಾಗವೂ ಇಲ್ಲ. ಬರೆಯದ ನೋವು ಮುಂದಿನ ತಿಂಗಳು ಬರುವ ಹೊಸ ಡಾಕ್ಟರಿಗೆ ಕಾಣುವುದು ಹೇಗೆ?

ನನ್ನ ಗಂಡನ ವಿಷಯ ಹೇಳಬೇಕು. ಇಪ್ಪತ್ತು ವರ್ಷ ದಾಟಿದರೂ ಅದು ನನ್ನನ್ನು ಬಿಟ್ಟಿಲ್ಲ.

2004ರ ಮಳೆಗಾಲ. ಉಚಿತ ಗುಳಿಗೆಯ ಸುದ್ದಿ ನಮ್ಮ ಊರಿನ ತನಕ ಇನ್ನೂ ಬಂದಿರಲಿಲ್ಲ. ಅವರಿಗೆ ತಲೆನೋವು ಶುರುವಾಗಿ ಹದಿನೈದು ದಿನದಲ್ಲಿ ಬೆಳಕು ನೋಡಲಾಗದಂತಾಯಿತು. ಕಿಟಕಿಗೆ ಗೋಣಿಚೀಲ ಕಟ್ಟಿದೆ. ತಲೆಗೆ ಟವೆಲು ಬಿಗಿದು ಎರಡೂ ಕೈಯಲ್ಲಿ ಒತ್ತಿ ಹಿಡಿಯುತ್ತಿದ್ದೆ. "ಇನ್ನೂ ಬಿಗಿ, ಇನ್ನೂ ಬಿಗಿ" ಎನ್ನುತ್ತಿದ್ದರು. ಆಸ್ಪತ್ರೆಯಲ್ಲಿ ಮೂಲೆಯ ಹಾಸಿಗೆ ಕೊಟ್ಟರು, ಪ್ಯಾರಾಸಿಟಮಾಲ್ ಕೊಟ್ಟರು. ರಾತ್ರಿ ಅವರು ಕಿರುಚಿದಾಗ ವಾರ್ಡಿನ ಒಬ್ಬ ನೌಕರ ನನ್ನ ಮುಖ ನೋಡಿ "ಮಾಡಿದ್ದುಣ್ಣೋ ಮಹಾರಾಯ" ಎಂದು ಹೇಳಿ ಹೋದ. ಆರನೇ ದಿನ ಎಚ್ಚರ ತಪ್ಪಿತು. ಎಂಟನೇ ದಿನ ಹೋದರು.

ಎಷ್ಟೋ ವರ್ಷಗಳ ನಂತರ ಒಂದು ತರಬೇತಿಯಲ್ಲಿ ಕ್ರಿಪ್ಟೊಕಾಕಲ್ ಮೆನಿಂಜೈಟಿಸ್ ಎಂಬ ಹೆಸರು ಕೇಳಿದೆ. ಎಚ್.ಐ.ವಿ.ಯಿಂದ ರೋಗನಿರೋಧಕ ಶಕ್ತಿ ಕುಸಿದಾಗ ಒಂದು ಬಗೆಯ ಶಿಲೀಂಧ್ರ ಮೆದುಳಿನ ಪೊರೆಗೆ ಇಳಿಯುತ್ತದಂತೆ. ತಲೆಬುರುಡೆಯೊಳಗೆ ದ್ರವದ ಒತ್ತಡ ಏರುತ್ತದೆ. ಆ ತಲೆನೋವು ಬರುವುದು ಆ ಒತ್ತಡದಿಂದ. ಬೆನ್ನುಹುರಿಯ ಬಳಿ ಸೂಜಿ ಹಾಕಿ ದ್ರವ ತೆಗೆದರೆ ಒತ್ತಡ ಇಳಿಯುತ್ತದೆ, ಎಷ್ಟೋ ಜನರಿಗೆ ಅಂದೇ ತಲೆನೋವು ಹಗುರವಾಗುತ್ತದೆ ಎಂದರು ಅಲ್ಲಿನ ಡಾಕ್ಟರು. ನನ್ನ ಗಂಡನಿಗೆ ಇದ್ದದ್ದು ಅದೇನಾ? ಪರೀಕ್ಷೆಯೇ ಆಗಲಿಲ್ಲ, ಹಾಗಾಗಿ ನಾನು ಹೇಳಲಾರೆ. ತರಬೇತಿಯಿಂದ ಹೊರಗೆ ಬಂದು ಬಸ್ ಸ್ಟ್ಯಾಂಡಿನಲ್ಲಿ ಕೂತು ಅತ್ತೆ. ಅವರು ಸತ್ತದ್ದಕ್ಕಲ್ಲ, ಸಾವಿಗೆ ಹೇಗೋ ಸಮಾಧಾನ ಮಾಡಿಕೊಂಡಿದ್ದೆ. ಆ ಎಂಟು ದಿನದ ನೋವಿಗೆ ಕಾರಣವೇನೆಂದು ಯಾರಾದರೂ ಹುಡುಕಬಹುದಿತ್ತಲ್ಲ ಎಂದು ಅತ್ತೆ.

ನೋವಿಗೆ ಬರೀ ನೋವಿನ ಗುಳಿಗೆ ಸಾಲದು ಎಂದು ಆವತ್ತು ಕಲಿತೆ. ಗಂಟಲಲ್ಲಿ ಬಿಳಿ ಹುಣ್ಣಾಗಿ ಎಂಜಲು ನುಂಗಲೂ ಆಗದವರಿಗೆ ಫ್ಲುಕೋನಜೋಲ್ ಕೊಟ್ಟರೆ ನೋವು ತಾನಾಗಿ ಹೋಗುತ್ತದೆ. ಸರ್ಪಸುತ್ತು ಎದ್ದ ಮೂರು ದಿನದೊಳಗೆ ಅಸೈಕ್ಲೊವಿರ್ ಶುರು ಮಾಡಿದರೆ ಗುಳ್ಳೆ ಬೇಗ ಒಣಗುತ್ತವೆ, ಆಗಿನ ನೋವೂ ತಗ್ಗುತ್ತದೆ. ನಮ್ಮ ಕಡೆ ಸರ್ಪಸುತ್ತಿಗೆ ಮೊದಲು ಕೆಮ್ಮಣ್ಣು ಹಚ್ಚಿಸಿ ಮಂತ್ರ ಹಾಕಿಸುತ್ತಾರೆ, ಅಷ್ಟರಲ್ಲಿ ಆ ಮೂರು ದಿನ ಕಳೆದಿರುತ್ತವೆ. ಗುಳ್ಳೆ ಒಣಗಿದರೂ ಕೆಲವರಿಗೆ ಆ ಜಾಗ ತಿಂಗಳುಗಟ್ಟಲೆ ಉರಿಯುತ್ತದೆ, ರವಿಕೆಯ ಬಟ್ಟೆ ತಾಗಿದರೂ ಜೀವ ಹೋಗುತ್ತದೆ. ಸೊಂಟದ ಕೀಲಿಗೆ ರಕ್ತ ಹರಿಯದೆ ಎಲುಬು ಸವೆದವರಿದ್ದಾರೆ. ಕಾರಣ ಬೇರೆ ಬೇರೆ, ಮದ್ದೂ ಬೇರೆ ಬೇರೆ. ನೋವು ಎಲ್ಲಿದೆ, ಹೇಗಿದೆ ಎಂದು ಕೇಳದೆ ಇದ್ಯಾವುದೂ ತಿಳಿಯದು.

ಇನ್ನು ನನ್ನ ಪಾದಗಳ ವಿಷಯ.

2007ರಲ್ಲಿ ನನಗೆ ಕೊಟ್ಟದ್ದು ಸ್ಟಾವುಡಿನ್ ಇದ್ದ ಗುಳಿಗೆ. ಆಗ ದೇಶದಲ್ಲಿ ಲಕ್ಷಾಂತರ ಜನ ಅದನ್ನೇ ತಿಂದರು, ಅದರಿಂದಲೇ ಬದುಕಿದರು. ಒಂದೂವರೆ ವರ್ಷವಾಗುವ ಹೊತ್ತಿಗೆ ಕಾಲ್ಬೆರಳು ಜುಮುಗುಡತೊಡಗಿದವು. ಆಮೇಲೆ ಉರಿ. ರಾತ್ರಿ ಪಾದಗಳನ್ನು ತಣ್ಣೀರಿನ ಬುಟ್ಟಿಯಲ್ಲಿಟ್ಟು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದೆ. ಹೊದಿಕೆ ತಾಗಿದರೆ ಕೆಂಡ ತಾಗಿದಂತೆ. ಅದೇ ಪಾದಕ್ಕೆ ಹಗಲು ಮುಳ್ಳು ಚುಚ್ಚಿದರೆ ತಿಳಿಯುತ್ತಿರಲಿಲ್ಲ, ಚಪ್ಪಲಿ ದಾರಿಯಲ್ಲಿ ಜಾರಿ ಬಿದ್ದರೂ ಗೊತ್ತಾಗುತ್ತಿರಲಿಲ್ಲ. ಉರಿಯೂ ಮರಗಟ್ಟುವಿಕೆಯೂ ಒಟ್ಟಿಗೇ ಇರುತ್ತವೆ ಎಂದರೆ ಜನ ನಂಬುವುದಿಲ್ಲ, ನಾಟಕ ಎನ್ನುತ್ತಾರೆ. ದೇಹದಲ್ಲಿ ಅತಿ ಉದ್ದದ ನರಗಳು ಪಾದದವರೆಗೆ ಹೋಗುವುದರಿಂದ ಹಾನಿ ಅಲ್ಲಿಂದಲೇ ಶುರುವಾಗಿ ಕಾಲುಚೀಲ ಹಾಕಿದಂತೆ ಮೇಲೇರುತ್ತದೆಂದು ಆಮೇಲೆ ತಿಳಿಯಿತು. ವೈರಸ್ಸೇ ನರ ಕೆಡಿಸುತ್ತದೆ, ಸ್ಟಾವುಡಿನ್ ಅದರ ಮೇಲೆ ಇನ್ನಷ್ಟು ಕೆಡಿಸಿತು. ಟಿ.ಬಿ.ಗೆ ಕೊಡುವ ಐಸೊನಿಯಾಜಿಡ್ ಕೂಡ, ಜೊತೆಗೆ ಬಿ6 ವಿಟಮಿನ್ ಕೊಡದಿದ್ದರೆ, ಇದೇ ಕೆಲಸ ಮಾಡುತ್ತದೆ.

ಸ್ಟಾವುಡಿನ್ ಬಿಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2009ರ ಕೊನೆಯಲ್ಲಿ ಹೇಳಿತು. ನನ್ನ ಗುಳಿಗೆ ಬದಲಾದದ್ದು 2012ರಲ್ಲಿ. ಔಷಧಿ ಬದಲಿಸಿದರು, ಸರಿ. ಆದರೆ ಸತ್ತ ನರ ಹಿಂದಕ್ಕೆ ಬರಲಿಲ್ಲ. ಇವತ್ತಿಗೂ ಉರಿ ಇದೆ. ನನ್ನಂಥವರು ಪ್ರತಿ ಸೆಂಟರಿನ ಬೆಂಚಿನ ಮೇಲೂ ಸಿಗುತ್ತಾರೆ. ಮೊದಲ ದಿನಗಳ ಔಷಧಿ ತಿಂದು ಬದುಕುಳಿದವರು, ಈಗ ಐವತ್ತರ ಆಸುಪಾಸಿನವರು, ಚಪ್ಪಲಿ ಬಿಚ್ಚಿ ಪಾದವನ್ನು ತಣ್ಣನೆಯ ನೆಲಕ್ಕೆ ಒತ್ತಿ ಕೂತಿರುತ್ತಾರೆ. ಯೋಜನೆ ಕೊಟ್ಟ ಗುಳಿಗೆಯಿಂದ ಬಂದ ನೋವಿಗೆ ಯೋಜನೆಯೇ ಮದ್ದು ಕೊಡಬೇಕೆಂದು ಕೇಳುವುದು ತಪ್ಪಲ್ಲವೆಂದು ನನ್ನ ನಂಬಿಕೆ. ಆ ಮದ್ದನ್ನು ಇವತ್ತು ನಾನು ಹೊರಗಿನ ಅಂಗಡಿಯಲ್ಲಿ ದುಡ್ಡು ಕೊಟ್ಟು ತರುತ್ತಿದ್ದೇನೆ. ದುಡ್ಡಿಲ್ಲದ ತಿಂಗಳು ತಣ್ಣೀರ ಬುಟ್ಟಿಯೇ ಗತಿ.

ಇದು ನಾಲ್ಕಾರು ಜನರ ಗೋಳೂ ಅಲ್ಲ. ಅಮೆರಿಕದ ಎಚ್.ಐ.ವಿ. ತಜ್ಞ ವೈದ್ಯರ ಸಂಘ 2017ರಲ್ಲಿ ಎಚ್.ಐ.ವಿ. ಇರುವವರ ದೀರ್ಘಕಾಲದ ನೋವಿಗೆಂದೇ ಒಂದು ಮಾರ್ಗಸೂಚಿ ತಂದಿತು. ಬೇರೆ ಬೇರೆ ಅಧ್ಯಯನಗಳಲ್ಲಿ ಇಂಥ ನೋವು ಇರುವವರ ಪ್ರಮಾಣ ಶೇ. 39ರಿಂದ 85 ಎಂದು ಅದರಲ್ಲಿದೆ. ಕಡಿಮೆಯ ಲೆಕ್ಕ ಹಿಡಿದರೂ ನೂರರಲ್ಲಿ ಹತ್ತಿರ ಹತ್ತಿರ ನಲವತ್ತು ಜನ. ಎಲ್ಲರಿಗೂ ಎರಡು ಪ್ರಶ್ನೆ ಕೇಳಿ ಎಂದು ಅದು ಹೇಳುತ್ತದೆ: ಹೋದ ವಾರ ಮೈಯಲ್ಲಿ ಎಷ್ಟು ನೋವಿತ್ತು? ಮೂರು ತಿಂಗಳಿಗಿಂತ ಹೆಚ್ಚು ಕಾಲದಿಂದ ಇರುವ ನೋವು ಇದೆಯಾ? ಈ ಎರಡು ಪ್ರಶ್ನೆಗೆ ಯಂತ್ರ ಬೇಡ, ಲ್ಯಾಬ್ ಬೇಡ.

ನಾನು ನನ್ನದೇ ರೀತಿಯಲ್ಲಿ ಕೇಳುತ್ತೇನೆ. ಸೊನ್ನೆಯಿಂದ ಹತ್ತರೊಳಗೆ ಎಷ್ಟು ಎಂದರೆ ನಮ್ಮ ಹಳ್ಳಿಯ ಹಿರಿಯರಿಗೆ ತಲೆಬುಡ ತಿಳಿಯುವುದಿಲ್ಲ. "ರೂಪಾಯದಾಗ ಎಷ್ಟಾಣೆ ನೋವೈತ್ರಿ?" ಎಂದರೆ ಥಟ್ಟನೆ ಹೇಳುತ್ತಾರೆ. ಒಬ್ಬ ಅಜ್ಜಿ "ಹಗಲು ನಾಕಾಣಿ, ರಾತ್ರಿ ಹದಿನಾರಾಣಿ" ಎಂದಳು. ಯಾವ ಹೊತ್ತಿಗೆ ಗುಳಿಗೆ ಕೊಡಬೇಕೆಂದು ಆ ಒಂದು ಮಾತಿನಲ್ಲೇ ಇದೆ.

ಕೇಳದಿದ್ದರೆ ಏನಾಗುತ್ತದೆ? ನಾನು ಗುಳಿಗೆ ಬಿಟ್ಟವರನ್ನು ಹುಡುಕುವವಳು, ಹಾಗಾಗಿ ಇದನ್ನು ಖಚಿತವಾಗಿ ಹೇಳಬಲ್ಲೆ. ಕಬ್ಬು ಕಡಿಯುವ ಒಬ್ಬ ಅಣ್ಣನನ್ನು ಹೋದ ವರ್ಷ ಅವನ ಗುಡಿಸಲಲ್ಲಿ ಕಂಡೆ. ನಾಲ್ಕು ತಿಂಗಳಿಂದ ಗುಳಿಗೆ ನಿಲ್ಲಿಸಿದ್ದ. "ಗುಳಿಗಿ ತಿಂದ್ರ ಕಾಲಾಗ ಬೆಂಕಿ ಹಚ್ಚಿದಂಗ ಆಗತೈತ್ರಿ ಅಕ್ಕಾರ, ಬಿಟ್ಟೆ" ಎಂದ. ಈಗಿನ ಗುಳಿಗೆಯಲ್ಲಿ ಸ್ಟಾವುಡಿನ್ ಇಲ್ಲ, ಅವನ ನರಕ್ಕೆ ಪೆಟ್ಟು ಬಿದ್ದದ್ದು ಹಳೆಯ ದಿನಗಳಲ್ಲಿ. ಆದರೆ ಅವನಿಗೆ ಅದನ್ನು ಯಾರು ಬಿಡಿಸಿ ಹೇಳಿದ್ದರು? ನೋವಿಗೆಂದು ಅವನು ಊರಿನ ಒಬ್ಬ ಡಾಕ್ಟರ ಬಳಿ ವಾರಕ್ಕೆರಡು ಡೈಕ್ಲೊಫೆನಾಕ್ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಿದ್ದ. ತನಗೆ ಎಚ್.ಐ.ವಿ. ಇದೆಯೆಂದು ಅಲ್ಲಿ ಹೇಳಿರಲಿಲ್ಲ, ಹೇಳಿದರೆ ಸೂಜಿಯನ್ನೂ ಹಾಕುವುದಿಲ್ಲ ಎಂಬ ಭಯ. ಟೆನೊಫೊವಿರ್ ತಿನ್ನುವವರಿಗೆ ಡೈಕ್ಲೊಫೆನಾಕಿನಂಥ ಔಷಧಿ ಪದೇ ಪದೇ ಕೊಟ್ಟರೆ ಮೂತ್ರಪಿಂಡಕ್ಕೆ ಅಪಾಯ. ಗುಳಿಗೆ ತಿನ್ನುತ್ತಿದ್ದ ದಿನಗಳಲ್ಲೂ ಈ ಇಂಜೆಕ್ಷನ್ ನಡೆದಿತ್ತು. ಸೆಂಟರಿಗೆ ಕರೆತಂದು ರಕ್ತ ಪರೀಕ್ಷೆ ಮಾಡಿಸಿದಾಗ ಕ್ರಿಯಾಟಿನಿನ್ ಏರಿತ್ತು, ಮೂತ್ರಪಿಂಡ ಸೋಲುತ್ತಿರುವುದರ ಗುರುತು ಅದು. ಡಾಕ್ಟರು ಗುಳಿಗೆ ಬದಲಿಸಬೇಕಾಯಿತು.

ಇನ್ನೊಬ್ಬ ತಂಗಿಗೆ ಮುಖದ ಸೆಳೆತಕ್ಕೆ ಖಾಸಗಿ ಆಸ್ಪತ್ರೆಯಲ್ಲಿ ಕಾರ್ಬಮಜೆಪಿನ್ ಬರೆದುಕೊಟ್ಟಿದ್ದರು. ಅದು ನಮ್ಮ ಎ.ಆರ್.ಟಿ. ಗುಳಿಗೆಯಲ್ಲಿರುವ ಡೊಲುಟೆಗ್ರಾವಿರ್ ಪ್ರಮಾಣವನ್ನು ರಕ್ತದಲ್ಲಿ ಇಳಿಸುತ್ತದೆ. ಅವಳು ಚೀಟಿಯನ್ನು ನನಗೆ ತೋರಿಸಿದ್ದು ನಮ್ಮ ಪುಣ್ಯ. ಹೀಗೆ ತೋರಿಸದವರು ಎಷ್ಟೋ.

ಇದನ್ನು ವಿಸ್ತರಿಸಿ ಬರೆಯಲು ಕಾರಣವಿದೆ. 95-95-95 ಎಂಬ ಗುರಿಯ ಬಗ್ಗೆ ಪ್ರತಿ ಸಭೆಯಲ್ಲೂ ಮಾತಾಡುತ್ತಾರೆ. ನೂರರಲ್ಲಿ ತೊಂಬತ್ತೈದು ಜನರಿಗೆ ಸೋಂಕು ಗೊತ್ತಿರಬೇಕು, ಅವರಲ್ಲಿ ತೊಂಬತ್ತೈದು ಜನ ಚಿಕಿತ್ಸೆಯಲ್ಲಿರಬೇಕು, ಅವರಲ್ಲಿ ತೊಂಬತ್ತೈದು ಜನರಲ್ಲಿ ವೈರಸ್ ಹತೋಟಿಯಲ್ಲಿರಬೇಕು. ಸಭೆಯಲ್ಲಿ ನಮ್ಮಂಥವರಿಗೆ ಗದರಿ "ಯಾಕೆ ಬಿಟ್ಟರು, ಕಾರಣ ಬರೆಯಿರಿ" ಎನ್ನುತ್ತಾರೆ. ನಾವು "ವಲಸೆ", "ಕುಡಿತ", "ಅಸಹಕಾರ" ಎಂದು ಬರೆಯುತ್ತೇವೆ. ನೋವು ಎಂಬ ಕಾರಣ ಪಟ್ಟಿಯಲ್ಲಿಲ್ಲ. ಆ ಅಣ್ಣನ ಹೆಸರಿನ ಮುಂದೆ ನಾನೂ "ಅಸಹಕಾರ" ಎಂದೇ ಬರೆದೆ. ಅದು ನನ್ನ ತಪ್ಪು. ಅದಕ್ಕೆ ಅವನ ಕ್ಷಮೆ ಕೇಳಿದ್ದೇನೆ, ಇಲ್ಲಿಯೂ ಕೇಳುತ್ತೇನೆ.

ಈಗ ಬರೆಯಲು ಕಷ್ಟವಾಗುವ ಭಾಗ.

ಒಬ್ಬ ತಾಯಿ, ಒಂದು ಕಾಲಕ್ಕೆ ದೇವದಾಸಿಯಾಗಿದ್ದವಳು, ನನಗೆ ಬೇಕಾದವಳು. ಹದಿನಾಲ್ಕು ವರ್ಷ ಒಂದು ದಿನ ತಪ್ಪದೆ ಗುಳಿಗೆ ತಿಂದಿದ್ದಳು. ಅವಳಿಗೆ ಗರ್ಭಕಂಠದ ಕ್ಯಾನ್ಸರ್ ಬಂತು. ಎಚ್.ಐ.ವಿ. ಇರುವ ಹೆಂಗಸರಿಗೆ ಆ ಕ್ಯಾನ್ಸರ್ ಬರುವ ಸಾಧ್ಯತೆ ಇಲ್ಲದವರಿಗಿಂತ ಆರು ಪಟ್ಟು. ಗೊತ್ತಾಗುವಾಗ ತಡವಾಗಿತ್ತು, ಮನೆಗೆ ಕರೆದುಕೊಂಡು ಹೋಗಿ ಎಂದರು. ಮನೆ ಎಂದರೆ ಒಂದು ಕೋಣೆ, ಅದರಲ್ಲಿ ಮಗ, ಸೊಸೆ, ಎರಡು ಕೂಸು. ಸೊಂಟದಿಂದ ಕೆಳಗೆ ಕೊಡಲಿಯಿಂದ ಸೀಳಿದಂತೆ ಎನ್ನುತ್ತಿದ್ದಳು. ಟ್ರಮಡಾಲ್ ಎಂಬ ನೋವಿನ ಗುಳಿಗೆ ಸಾಲದಾಯಿತು. ಹತ್ತಿರದ ದೊಡ್ಡ ಆಸ್ಪತ್ರೆಯಲ್ಲಿ ಅದಕ್ಕಿಂತ ಬಲವಾದ ಮಾರ್ಫಿನ್ ಕೇಳಿದೆ. ಇಲ್ಲ ಎಂದರು. ಎಲ್ಲಿ ಸಿಗುತ್ತದೆ ಎಂದು ಕೇಳಿದೆ. ಬೆಂಗಳೂರಿಗೆ ಹೋಗಿ ಎಂದರು. ಒಬ್ಬ ಡಾಕ್ಟರು ತಗ್ಗಿದ ದನಿಯಲ್ಲಿ "ಅದು ಅಫೀಮು, ಚಟ ಹತ್ತುತ್ತದೆ" ಎಂದರು. ಇನ್ನೊಂದು ತಿಂಗಳು ಬದುಕುವವಳಿಗೆ ಯಾವ ಚಟ, ಸ್ವಾಮಿ?

ಅವಳ ಮಗ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗಿ, ಇಡೀ ದಿನ ಸಾಲಲ್ಲಿ ನಿಂತು, ಹತ್ತು ಮಿಲಿಗ್ರಾಂನ ಮಾತ್ರೆಗಳನ್ನು ತಂದ. ನಾಲ್ಕು ಗಂಟೆಗೊಂದರಂತೆ, ನೋವು ಬರುವವರೆಗೆ ಕಾಯದೆ ಕೊಡಬೇಕೆಂದೂ ಮಲಬದ್ಧತೆಗೆ ಜೊತೆಯಲ್ಲೇ ಬೇರೆ ಔಷಧಿ ಕೊಡಬೇಕೆಂದೂ ಅಲ್ಲಿನ ಸಿಸ್ಟರ್ ಕಾಗದದಲ್ಲಿ ಸೂರ್ಯ ಚಂದ್ರರ ಚಿತ್ರ ಬರೆದು ತಿಳಿಸಿದ್ದರು. ಎರಡನೇ ದಿನ ಅವಳು ಎದ್ದು ಕೂತು ಮೊಮ್ಮಗಳ ಜಡೆ ಹೆಣೆದಳು. ರೊಟ್ಟಿ ಕೇಳಿದಳು. ಆ ಮಾತ್ರೆ ಹತ್ತು ದಿನಕ್ಕೆ ಮುಗಿದವು. ಮಗ ಕೂಲಿ ಬಿಟ್ಟು ಮತ್ತೆ ಹೊರಟ. ಅವನು ತಿರುಗಿ ಬರುವ ಮೊದಲೇ ಅವಳು ಹೋದಳು, ಕೊನೆಯ ಒಂದೂವರೆ ದಿನ ಮಾತ್ರೆಯಿಲ್ಲದೆ. ಆ ಒಂದೂವರೆ ದಿನ ನಾನು ಅವಳ ಪಕ್ಕದಲ್ಲಿದ್ದೆ.

ಸಚಿವರೇ, ಇದಕ್ಕೆ ಕಾನೂನು ಅಡ್ಡಿಯಾಗಿತ್ತು ಎಂದು ಈಗ ಯಾರೂ ಹೇಳುವಂತಿಲ್ಲ. 1985ರ ಮಾದಕ ವಸ್ತು ಕಾಯ್ದೆಗೆ ಹೆದರಿ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟಿದ್ದ ಕಾಲವಿತ್ತು. ಒಂದು ಡಬ್ಬಿಗೆ ಹಲವು ಲೈಸೆನ್ಸ್ ಬೇಕಾಗುತ್ತಿತ್ತು. ಸಂಸತ್ತು 2014ರಲ್ಲಿ ಆ ಕಾಯ್ದೆಯನ್ನು ತಿದ್ದಿತು. ಮಾರ್ಫಿನ್, ಫೆಂಟನಿಲ್, ಮೆಥಡೋನ್ ಸೇರಿ ಆರು ಔಷಧಿಗಳನ್ನು ಅತ್ಯಗತ್ಯ ಮಾದಕ ಔಷಧಿಗಳೆಂದು ಗುರುತಿಸಲಾಯಿತು. 2015ರ ನಿಯಮಗಳ ಪ್ರಕಾರ ನೋವು ನಿವಾರಣೆಯಲ್ಲಿ ತರಬೇತಿ ಪಡೆದ ಒಬ್ಬ ವೈದ್ಯರಿದ್ದು, ಆಸ್ಪತ್ರೆಗೆ ರಾಜ್ಯ ಔಷಧ ನಿಯಂತ್ರಕರ ಮಾನ್ಯತೆ ಸಿಕ್ಕರೆ ಸಾಕು. ಆ ನಿಯಂತ್ರಕರು ನಿಮ್ಮ ಇಲಾಖೆಯವರೇ. ಬೇಕಾದ ಕಚ್ಚಾ ವಸ್ತುವೂ ನಮ್ಮ ನೆಲದಲ್ಲೇ ಬೆಳೆಯುತ್ತದೆ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯಿಂದ ಗಸಗಸೆ ಬೆಳೆದು, ನೀಮಚ್ ಮತ್ತು ಗಾಜಿಪುರದ ಸರ್ಕಾರಿ ಕಾರ್ಖಾನೆಗಳಲ್ಲಿ ಅಫೀಮನ್ನು ಸಂಸ್ಕರಿಸುತ್ತಾರೆ, ಹೊರದೇಶಗಳಿಗೂ ಕಳಿಸುತ್ತಾರೆ. ಆದರೂ 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ ಲೆಕ್ಕ ಹಾಕಿದಾಗ ಭಾರತದ ರೋಗಿಗಳಿಗೆ ಸಿಗುತ್ತಿದ್ದ ಇಂಥ ಔಷಧಿ ಅಗತ್ಯದ ಶೇ. 4 ಮಾತ್ರ.

ತಪ್ಪು ತಿಳಿಯಬಾರದು. ನನ್ನ ಉರಿಪಾದಕ್ಕೆ ನಾನು ಮಾರ್ಫಿನ್ ಕೇಳುತ್ತಿಲ್ಲ. ವರ್ಷಗಟ್ಟಲೆ ಇರುವ ನರದ ನೋವಿಗೆ ಅದು ಮೊದಲ ಔಷಧಿಯಲ್ಲ, ಅದರಲ್ಲಿ ಅಪಾಯವೂ ಇದೆ. 2017ರ ಆ ಮಾರ್ಗಸೂಚಿ ಇಂಥ ನೋವಿಗೆ ಮೊದಲು ಗ್ಯಾಬಾಪೆಂಟಿನ್ ಹೇಳುತ್ತದೆ. ನಮ್ಮಲ್ಲಿ ಹೆಚ್ಚಾಗಿ ಬರೆಯುವ ಅಮಿಟ್ರಿಪ್ಟಿಲಿನ್ ಎಚ್.ಐ.ವಿ.ಯ ನರದ ನೋವಿನ ಪ್ರಯೋಗಗಳಲ್ಲಿ ಸಕ್ಕರೆ ಗುಳಿಗೆಗಿಂತ ಹೆಚ್ಚೇನೂ ಕೆಲಸ ಮಾಡಲಿಲ್ಲವೆಂದು ಒಬ್ಬ ಡಾಕ್ಟರು ವಿವರಿಸಿದರು. ನಿದ್ದೆಗೆ ಮಾತ್ರ ಕೆಲವರಿಗೆ ಅನುಕೂಲವಾಗುತ್ತದೆ. ಯಾವ ನೋವಿಗೆ ಯಾವುದು ಎಂಬ ಈ ವಿವೇಚನೆ ಡಾಕ್ಟರುಗಳಿಗೆ ಬರಬೇಕಾದರೆ ಅವರಿಗೆ ತರಬೇತಿ ಬೇಕು. ಕ್ಯಾನ್ಸರಿನ, ಸಾವಿನಂಚಿನ ಹದಿನಾರಾಣೆ ನೋವಿಗೆ ಮಾರ್ಫಿನ್ ಬೇಕೇ ಬೇಕು, ಅದು ಬಸ್ಸಿನಲ್ಲಿ ಒಂದು ರಾತ್ರಿಯ ದೂರದಲ್ಲಿ ಇರಬಾರದು.

ಹಾಸಿಗೆಯ ಮಾತೂ ಇದೆ. ಮೊದಲು ಸಮುದಾಯ ಆರೈಕೆ ಕೇಂದ್ರಗಳೆಂದು ಇದ್ದವು. ಹತ್ತಿಪ್ಪತ್ತು ಹಾಸಿಗೆ, ಸಿಸ್ಟರ್‌ಗಳು, ಬಿಸಿ ಊಟ. ಮನೆಯವರು ಕೈಬಿಟ್ಟವರು ಅಲ್ಲಿ ಕೊನೆಯ ದಿನಗಳನ್ನು ಕಳೆದರು, ಕೈ ಹಿಡಿಯುವವರಿದ್ದರು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಮೂರನೇ ಹಂತ ಮುಗಿದ ಮೇಲೆ ಆ ವ್ಯವಸ್ಥೆ ಹೋಯಿತು. ಅದರ ಜಾಗಕ್ಕೆ ಬಂದ ಆರೈಕೆ ಮತ್ತು ಬೆಂಬಲ ಕೇಂದ್ರಗಳಲ್ಲಿ ಹಾಸಿಗೆಗಳಿಲ್ಲ, ಮನೆಮನೆಗೆ ಹೋಗುವ ನನ್ನಂಥವರಿದ್ದಾರೆ. ಎ.ಆರ್.ಟಿ. ಬಂದ ಮೇಲೆ ಸಾಯುವವರು ಕಡಿಮೆಯಾದರು, ಹಾಗಾಗಿ ಹಾಸಿಗೆ ಬೇಡ ಎಂಬ ಲೆಕ್ಕವಿರಬಹುದು. ಸಾಯುವವರು ಕಡಿಮೆಯಾದದ್ದು ನಿಜ. ಸಾಯುತ್ತಿರುವವರಿಗೆ ಎಲ್ಲಿ ಮಲಗಬೇಕೆಂದು ಹೇಳಲು ಮಾತ್ರ ನನ್ನ ಬಳಿ ಯಾವ ವಿಳಾಸವೂ ಇಲ್ಲ.

ಕೇರಳ 2008ರಲ್ಲೇ ಉಪಶಾಮಕ ಆರೈಕೆಗೆ, ಅಂದರೆ ಗುಣವಾಗದ ಕಾಯಿಲೆಯವರ ನೋವು ತಗ್ಗಿಸಿ ನೋಡಿಕೊಳ್ಳುವುದಕ್ಕೆ, ನೀತಿ ಮಾಡಿ ಪಂಚಾಯತಿಗಳಿಗೆ ಆ ಕೆಲಸ ಒಪ್ಪಿಸಿತು. ಅಲ್ಲಿ ಸಿಸ್ಟರ್ ಮನೆಗೇ ಬರುತ್ತಾರೆ. ನಮ್ಮ ರಾಜ್ಯವೂ ಆಮೇಲೆ ಇಂಥ ನೀತಿ ಮಾಡಿಕೊಂಡಿದೆ. ಬೆಂಗಳೂರಿನ ಕರುಣಾಶ್ರಯ ಕ್ಯಾನ್ಸರಿನ ಕೊನೆಯ ಹಂತದವರನ್ನು ಎರಡು ದಶಕಕ್ಕೂ ಹೆಚ್ಚು ಕಾಲದಿಂದ ಒಂದು ಪೈಸೆ ಪಡೆಯದೆ ನೋಡಿಕೊಳ್ಳುತ್ತಿದೆ. ಹೇಗೆ ಮಾಡಬೇಕೆಂದು ತಿಳಿದವರು ನಮ್ಮ ನಾಡಿನಲ್ಲೇ ಇದ್ದಾರೆ, ಆ ತಿಳಿವಳಿಕೆ ತುಂಗಭದ್ರೆ ದಾಟಿ ನಮ್ಮ ಕಡೆ ಬರಬೇಕಷ್ಟೆ.

ಆದ್ದರಿಂದ ನಿಮ್ಮಲ್ಲಿ ನನ್ನ ಬೇಡಿಕೆಗಳು ಇವು. ಎಲ್ಲಕ್ಕಿಂತ ಮೊದಲಿನದಕ್ಕೆ ದುಡ್ಡು ಬೇಡ, ಒಂದು ಸುತ್ತೋಲೆ ಸಾಕು. ಟಿ.ಬಿ.ಯ ನಾಲ್ಕು ಪ್ರಶ್ನೆಗಳ ಪಕ್ಕದಲ್ಲಿ ನೋವಿನ ಎರಡು ಪ್ರಶ್ನೆ ಸೇರಿಸಿ, ಉತ್ತರವನ್ನು ಹಸಿರು ಪುಸ್ತಕದಲ್ಲಿ ಬರೆಯಲು ಆದೇಶ ಮಾಡಿ. ಗುಳಿಗೆ ಬಿಟ್ಟವರ ಕಾರಣಗಳ ಪಟ್ಟಿಯಲ್ಲೂ ನೋವು ಎಂಬ ಪದ ಇರಲಿ.

ಎರಡನೆಯದು, ನರದ ನೋವಿನ ಔಷಧಿಗಳು ಎ.ಆರ್.ಟಿ. ಗುಳಿಗೆ ಸಿಗುವ ಅದೇ ಕಿಟಕಿಯಲ್ಲಿ, ಅದೇ ದಿನ, ಉಚಿತವಾಗಿ ಸಿಗಬೇಕು. ಐಸೊನಿಯಾಜಿಡ್ ಕೊಡುವ ಪ್ರತಿಯೊಬ್ಬರಿಗೂ ಬಿ6 ತಪ್ಪದೆ ಸಿಗಬೇಕು. ಸ್ಟಾಕ್ ಇಲ್ಲ ಎಂಬ ಉತ್ತರ ಅದಕ್ಕೆ ಬರಬಾರದು.

ಇನ್ನು ಮಾರ್ಫಿನ್. ಪ್ರತಿ ಜಿಲ್ಲಾಸ್ಪತ್ರೆಗೂ ಔಷಧ ನಿಯಂತ್ರಕರ ಮಾನ್ಯತೆ ಮಾಡಿಸಿ, ಕನಿಷ್ಠ ಇಬ್ಬರು ಡಾಕ್ಟರುಗಳಿಗೆ ತರಬೇತಿ ಕೊಡಿಸಿ. ಇಬ್ಬರು ಎಂದದ್ದು ಯಾಕೆಂದರೆ ಒಬ್ಬರಿಗೆ ವರ್ಗಾವಣೆಯಾದರೆ ಬೀರುವಿನ ಕೀಲಿಯೂ ಅವರ ಜೊತೆಗೇ ಹೋಗುತ್ತದೆ. ಯಾವ ಜಿಲ್ಲೆಯಲ್ಲಿ ಯಾವ ಕೋಣೆಯಲ್ಲಿ ಮಾರ್ಫಿನ್ ಸಿಗುತ್ತದೆಂಬ ಪಟ್ಟಿಯನ್ನು ಕನ್ನಡದಲ್ಲಿ ಎಲ್ಲ ಸೆಂಟರುಗಳ ಗೋಡೆಗೆ ಅಂಟಿಸಿ. ಎಚ್.ಐ.ವಿ. ಹೆಚ್ಚಿರುವ ನಮ್ಮ ಭಾಗದ ಜಿಲ್ಲೆಗಳಿಂದಲೇ ಶುರು ಮಾಡಿ, ಅಲ್ಲಿ ಉಪಶಾಮಕ ಆರೈಕೆಗೆಂದು ಕೆಲವು ಹಾಸಿಗೆ ಮೀಸಲಿಡಿ.

ಕೊನೆಗೆ ಒಂದು ಕಾನೂನಿನ ಮಾತು. 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿನ ಕಾರಣಕ್ಕೆ ಯಾರಿಗೂ ಚಿಕಿತ್ಸೆ ನಿರಾಕರಿಸುವಂತಿಲ್ಲ. ದೂರು ಕೇಳಲು ರಾಜ್ಯದಲ್ಲಿ ಒಂಬುಡ್ಸ್‌ಮನ್ ಇರಬೇಕೆಂದೂ ಅದರಲ್ಲಿದೆ. "ಮಾಡಿದ್ದುಣ್ಣೋ ಮಹಾರಾಯ" ಎಂದು ಹೇಳಿ ನೋವಿನ ಮದ್ದು ಕೊಡದೆ ಹೋಗುವುದೂ ನಿರಾಕರಣೆಯೇ ಎಂದು ಪ್ರತಿ ವಾರ್ಡಿನ ಸಿಬ್ಬಂದಿಗೆ ತಿಳಿಸಿ. ಒಂಬುಡ್ಸ್‌ಮನ್ ಯಾರು, ಅವರಿಗೆ ಹೇಗೆ ಬರೆಯಬೇಕು ಎಂಬುದನ್ನು ನಮ್ಮ ಬೆಂಚಿನ ಎದುರಿನ ಗೋಡೆಯ ಮೇಲೆ ಬರೆಸಿ. ಹೆಸರು ಗುಟ್ಟಾಗಿಟ್ಟು ದೂರು ಕೊಡಬಹುದೆಂದು ತಿಳಿದರೆ ನನ್ನಂಥವರು ಬಹಿರಂಗ ಪತ್ರ ಬರೆಯಬೇಕಾಗುವುದಿಲ್ಲ.

ಮುಂದಿನ ತಿಂಗಳ ಮೊದಲ ಮಂಗಳವಾರ ನನ್ನ ಗುಳಿಗೆಯ ದಿನ. ಬೆಳಗಿನ ಬಸ್ಸಿಗೆ ಹೋಗಿ ಎಂಟೂವರೆಗೆ ಬೆಂಚಿನ ಮೇಲೆ ಕೂತಿರುತ್ತೇನೆ. ಪುಸ್ತಕ ತೆಗೆದ ಸಿಸ್ಟರ್ ಕೆಮ್ಮು, ಜ್ವರ, ತೂಕ, ಬೆವರು ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿದರೆ, ಪಾದ ತೋರಿಸಿ ಎಷ್ಟಾಣೆ ಎಂದು ಹೇಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಎಚ್.ಐ.ವಿ. ಜೊತೆ ಬದುಕುತ್ತಿರುವ ಒಬ್ಬ ಹೆಣ್ಣುಮಗಳು,
ಉತ್ತರ ಕರ್ನಾಟಕ